ಪುಷ್ಯ ಮಳೆಯಲ್ಲಿ ಹಳೇ ಕ್ಯಾರವಾನ್ ನೋಡಲು ಹೋಗಿದ್ದು

2023ರ ಜುಲೈನಲ್ಲಿ ಪುಷ್ಯ ಮಳೆ ಹೊಡೆಯುತ್ತಿರುವಾಗ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಟ್ರೇಲರ್, ಅಂದರೆ ಬೇರೆ ಗಾಡಿಯ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ, ನೋಡಲು ಹೊರಟೆ. ಮನೆಯಲ್ಲಿ ಎಲ್ಲರೂ ನಕ್ಕರು. ದೊಡ್ಡಪ್ಪನ ಮಗ ಫೋನ್ ಮಾಡಿ, "ಬೇಸಿಗೆ ಬರ್ಲಿ ಮಾರಾಯ, ಗಾಡಿ ಒಣಗಿರುತ್ತೆ, ಕೆಳಗೆ ನುಗ್ಗಿ ನೋಡಬಹುದು" ಅಂದ. ಒಣಗಿದ ಗಾಡಿ ನೋಡಿಯೇ ನಾನು ಒಮ್ಮೆ ಮುಳುಗಿದ್ದು ಅಂತ ಹೇಳಿ ಫೋನ್ ಇಟ್ಟೆ. ಆ ಮಳೆಯಲ್ಲಿ ತಂದ ಗಾಡಿ ಈಗ ಎರಡು ಮಳೆಗಾಲ ದಾಟಿದೆ. ಒಳಗೆ ಒಂದು ಹನಿ ಬಿದ್ದಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಮೊದಲು ಮುಳುಗಿದ ಕಥೆ ಹೇಳಿಬಿಡುತ್ತೇನೆ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ, ಜೊತೆಗೆ ಎರಡು ರೂಮಿನ ಹೋಂಸ್ಟೇ. ಮೂರನೇ ರೂಮು ಕಟ್ಟುವ ಬದಲು ಕ್ಯಾರವಾನ್ ತಂದು ಕಣದ ಪಕ್ಕ ನಿಲ್ಲಿಸಿದರೆ ಹೇಗೆ ಅನ್ನಿಸಿತು. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಹತ್ತಿರ ಒಂದು ಸಿಕ್ಕಿತು. ಸುಮಾರು 4 ಲಕ್ಷದ 20 ಸಾವಿರ ಕೊಟ್ಟೆ ಅಂತ ನೆನಪು. ಒಳಗೆ ಗೋಡೆಗೆ ಹೊಸ ವಾಲ್‌ಪೇಪರ್, ನೆಲಕ್ಕೆ ಹೊಸ ಮ್ಯಾಟು. ಬಾಗಿಲು ತೆಗೆದರೆ ಮದುವೆ ಮನೆ ಥರ ಘಮ ಘಮ. ಮಾರುವವನು ರೂಮ್ ಫ್ರೆಶ್‌ನರ್ ಯಾಕೆ ಅಷ್ಟು ಹೊಡೆದಿದ್ದಾನೆ ಅಂತ ನನಗೆ ಹೊಳೆಯಲೇ ಇಲ್ಲ.

ಕಾಫಿ ಹೂ ಬಿಡಿಸುವ ಬೇಸಿಗೆಯ ಹೂಮಳೆಯನ್ನು ಗಾಡಿ ತಡೆದುಕೊಂಡಿತು. ಜೂನ್ ಕೂಡ ಹೇಗೋ ಕಳೆಯಿತು. 2019ರ ಆಗಸ್ಟ್ ನಿಮಗೆ ಗೊತ್ತಲ್ಲ, ಚಾರ್ಮಾಡಿ ಘಾಟ್ ಕುಸಿದ ವರ್ಷ. ಆ ಮಳೆಯಲ್ಲಿ ಒಂದು ಬೆಳಿಗ್ಗೆ ಒಳಗೆ ಕಾಲಿಟ್ಟರೆ ಹಾಸಿಗೆ ಪಕ್ಕದ ನೆಲ ಪುಸಕ್ ಅಂತ ಒಳಗೆ ಹೋಯಿತು. ವಾಲ್‌ಪೇಪರ್ ಕಿತ್ತರೆ ಹಿಂದಿನ ಪ್ಲೈವುಡ್ ಚಹಾಗೆ ಅದ್ದಿದ ರಸ್ಕ್ ಥರ ಕೈಗೆ ಬಂತು. ಕಪ್ಪು ಬೂಷ್ಟು. ಇದು ನಮ್ಮ ಮಳೆ ಮಾಡಿದ ಕೆಲಸ ಅಲ್ಲ, ಮೂರು ನಾಲ್ಕು ವರ್ಷದ ಹಳೇ ನೀರು. ಹೊರಗಿನ ಸಂದುಗಳಿಗೆ ಹಳೇ ಸಿಲಿಕೋನ್ ಅಂಟಿನ ಮೇಲೇ ಹೊಸ ಸಿಲಿಕೋನ್ ಬಳಿದು ಮುಚ್ಚಿದ್ದರು. ಹಳೇ ಸಿಲಿಕೋನ್ ಮೇಲೆ ಯಾವುದೂ ಕಚ್ಚಿಕೊಳ್ಳುವುದಿಲ್ಲ, ಪೂರ್ತಿ ಕೆರೆದು ತೆಗೆಯದೆ ಏನು ಹಚ್ಚಿದರೂ ದಂಡ. ರಿಪೇರಿಗೆ 90 ಸಾವಿರ ಸುರಿದೆ. ಆಮೇಲೂ ಸೋರಿತು. ಕೊನೆಗೆ ಟೀ ಅಂಗಡಿ ಮಾಡುತ್ತೇನೆ ಅಂದವರೊಬ್ಬರಿಗೆ ಒಂದು ಲಕ್ಷ ಚಿಲ್ಲರೆಗೆ ಮಾರಿದೆ. ಒಟ್ಟು ಲುಕ್ಸಾನು ನಾಲ್ಕರ ಹತ್ತಿರ. ಪೂರ್ತಿ ಲೆಕ್ಕ ಬರೆದಿಟ್ಟಿಲ್ಲ, ಬರೆದರೆ ಹೊಟ್ಟೆ ಉರಿಯುತ್ತದೆ.

ಅಲ್ಲಿಂದ ನನಗೊಂದು ಹಟ ಬಂತು. ನಮ್ಮ ಕಡೆ ವರ್ಷಕ್ಕೆ ನೂರು ಇಂಚು ಮಳೆ. ಹಾಗಿರುವಾಗ ಕ್ಯಾರವಾನಿನ ಬಣ್ಣ, ಫ್ರಿಜ್ಜು, ಟಿವಿ ಯಾಕೆ ನೋಡಬೇಕು? ನೀರು ನೋಡಬೇಕು. ನೀರು ಕಾಣುವುದು ಮಳೆಗಾಲದಲ್ಲಿ ಮಾತ್ರ.

ನಡುವೆ ನಾಲ್ಕು ಗಾಡಿ ನೋಡಿ ಬಿಟ್ಟೆ. ಒಂದಕ್ಕೆ ಆರ್‌ಸಿಯೇ ಇರಲಿಲ್ಲ. "ಎಳೆಯೋ ಗಾಡಿ ನಂಬರ್ ಸಾಕು ಸಾರ್" ಅಂದ ಮಾರುವವನು. ನಮ್ಮ ಟ್ರ್ಯಾಕ್ಟರ್ ಟ್ರೇಲರಿಗೇ ಬೇರೆ ನಂಬರ್ ಇರುತ್ತೆ, ಇವನು ಯಾರಿಗೆ ಹೇಳುತ್ತಿದ್ದಾನೆ! ಇನ್ನೊಂದು ಬೇರೆ ರಾಜ್ಯದ್ದು, ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ ಇಲ್ಲ, ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಹಾಗೇ ಇತ್ತು. ಉಳಿದೆರಡು ನೋಡುವಷ್ಟರಲ್ಲೇ ವಾಸನೆ ಬಂತು.

ಸಕಲೇಶಪುರದ ಕಡೆ ಮುಚ್ಚಿದ ಒಂದು ರೆಸಾರ್ಟಿನವರು ಮಾರುತ್ತಿದ್ದಾರೆ ಅಂತ ಗೊತ್ತಾದಾಗ ನಾನು ಬೇಕಂತಲೇ ಮೂರು ದಿನ ಕಾದೆ. ಬಿಡದೆ ಸುರಿಯಲಿ ಅಂತ. ಹೊರಡುವ ಬೆಳಿಗ್ಗೆ ನಮ್ಮ ಮಳೆ ಮಾಪಕದಲ್ಲಿ ಮೂರೂವರೆ ಇಂಚು. ಹಾನುಬಾಳು ರಸ್ತೆಯಲ್ಲಿ ಬೊಲೆರೊ ವೈಪರ್ ಸಾಕಾಗಲಿಲ್ಲ. ಅಲ್ಲಿದ್ದ ಮ್ಯಾನೇಜರ್ ಕೊಡೆ ಹಿಡಿದು ಬಂದು, "ಇವತ್ತು ಏನು ನೋಡ್ತೀರಿ ಸಾರ್, ಬಿಸಿಲು ಬಂದ ಮೇಲೆ ಬನ್ನಿ" ಅಂದರು. ನಾನು ಟಾರ್ಚ್ ಹಿಡಿದು ಒಳಗೆ ಹೋದೆ.

ಒಳಗೆ ಹೋದವನು ಮೊದಲು ಬಾಗಿಲು ಹಾಕಿಕೊಂಡು ಐದು ನಿಮಿಷ ಸುಮ್ನೆ ಕೂರಬೇಕು. ಮೂಗು ಹೇಳುತ್ತದೆ. ಆಮೇಲೆ ಹೆಬ್ಬೆರಳು. ಮುಂದಿನ ಕಿಟಕಿಯ ಕೆಳಗಿನ ಎರಡು ಮೂಲೆ, ಹಾಸಿಗೆ ಪೆಟ್ಟಿಗೆಯ ಒಳಗೆ ಗೋಡೆ ನೆಲ ಸೇರುವ ಜಾಗ ಒತ್ತಿ ನೋಡಬೇಕು. ಇನ್ನೊಂದು ಜಾಗ ಇದೆ, ಅದು ನನ್ನ ಹತ್ತಿರವೇ ಇರಲಿ. ಮಾರುವವರೂ ಓದುತ್ತಾರೆ, ಅಲ್ವಾ?

ಆಮೇಲೆ ಮೀಟರ್. ಇಲ್ಲಿ ಒಂದು ಪೆದ್ದುತನ ಹೇಳಬೇಕು. ಮೊದಲ ಗಾಡಿ ಕೊಳೆತಾಗ ನಮ್ಮ ಕಾಫಿ ಮಾಯಿಶ್ಚರ್ ಮೀಟರಿನಲ್ಲೇ ನೋಡೋಣ ಅಂತ ಪ್ಲೈವುಡ್ ಪುಡಿ ಮಾಡಿ ಕಪ್ಪಿಗೆ ಸುರಿದಿದ್ದೆ. ಒಮ್ಮೆ 9 ತೋರಿಸಿತು, ಅದೇ ಪುಡಿಗೆ ಇನ್ನೊಮ್ಮೆ 31. ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಒಣಗಿಸಿದ ಕಾಫಿ ಬೀಜ) ತೇವ ಹತ್ತಕ್ಕೆ ಬಂತಾ ಅಂತ ನೋಡುವ ಯಂತ್ರಕ್ಕೆ ಪ್ಲೈವುಡ್ ತಿನ್ನಿಸಿದರೆ ಅದಾದರೂ ಏನು ಮಾಡೀತು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ. ಆಮೇಲೆ ಮರಕ್ಕೆ ಚುಚ್ಚುವ ಎರಡು ಮುಳ್ಳಿನ ಮೀಟರ್ ತರಿಸಿದೆ. ಎರಡೂವರೆ ಸಾವಿರ ಇರಬೇಕು.

ಈ ಮೀಟರ್ ಪುಸ್ತಕದಲ್ಲಿ 15ರ ಒಳಗಿದ್ದರೆ ಒಳ್ಳೆಯದು, 20 ದಾಟಿದರೆ ಕೆಟ್ಟದ್ದು ಅಂತ ಇದೆ. ನಮ್ಮ ಮಲೆನಾಡಿನ ಜುಲೈನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಮ್ಮ ಮನೆಯ ಒಣ ಬೀರುವೇ 17 ತೋರಿಸುತ್ತದೆ. ಹಾಗಾಗಿ ನಾನು ಮೊದಲು ಗಾಡಿಯ ನಡುವಿನ ಯಾವುದಾದರೂ ಕಪಾಟಿನ ಹಲಗೆಗೆ ಚುಚ್ಚುತ್ತೇನೆ. ಅದು ಹೊರಗೋಡೆಗೆ ತಾಗಿರಬಾರದು. ಅದೇ ನನ್ನ ಸೊನ್ನೆ. ಆಮೇಲೆ ಗೋಡೆಗಳಿಗೆ ಚುಚ್ಚಿ ಎಷ್ಟು ಜಾಸ್ತಿ ಅಂತ ನೋಡುವುದು. ಎರಡು ಮೂರು ಜಾಸ್ತಿ ಇದ್ದರೆ ಹವೆ. ಎಂಟು ಹತ್ತು ಜಾಸ್ತಿ ಅಂದರೆ ನೀರು. ಸಕಲೇಶಪುರದ ಗಾಡಿಯಲ್ಲಿ ಹಲಗೆ 17, ಗೋಡೆ ಎಲ್ಲ 18-19. ಮುಂದಿನ ಕಿಟಕಿಯ ಎಡ ಮೂಲೆ ಮಾತ್ರ 29. ಸುತ್ತ ಚುಚ್ಚುತ್ತಾ ಹೋದೆ. ಒಂದು ಗೇಣು ಆಚೆಗೆ ಮತ್ತೆ 19. ರೋಗ ಹರಡಿಲ್ಲ ಅಂತ ಆಯಿತು. ಬೇಸಿಗೆಯಲ್ಲಿ ನೋಡಿದ್ದರೆ ಈ 29 ನನಗೆ ಸಿಗುತ್ತಲೇ ಇರಲಿಲ್ಲ.

ಈಗ ನಾನು ಜಂಬ ಪಡುವ ಭಾಗ. ನೀರು ಎಲ್ಲಿಂದ ಬರುತ್ತಿದೆ ಅಂತ ಒಳಗಿನಿಂದ ಗೊತ್ತಾಗುವುದಿಲ್ಲ. ಚಾವಣಿಯ ಸ್ಕ್ರೂ ತೂತಲ್ಲಿ ಇಳಿದದ್ದು ಅಲ್ಯುಮಿನಿಯಂ ಪಟ್ಟಿ ಹಿಡಿದು ಎಂಟು ಅಡಿ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹೇಗೆ ಹುಡುಕುತ್ತೇವೆ? ಗಾಳಿ ತುಂಬಿ ನೀರಿಗೆ ಅದ್ದುತ್ತೇವೆ. ನಾನೂ ಹಾಗೇ ಗಾಡಿಗೆ ಗಾಳಿ ತುಂಬುತ್ತೇನೆ. ಕಿಟಕಿಗಳನ್ನು ಹಾಕಿ, ಫ್ರಿಜ್ ಹಿಂದಿನ ಜಾಲರಿ, ಸಿಂಕಿನ ತೂತು, ನೆಲದ ಕಿಂಡಿ ಎಲ್ಲಕ್ಕೂ ಟೇಪ್ ಹೊಡೆದು, ಬಾಗಿಲಿಗೆ ತೂತು ಕೊರೆದ ಹಲಗೆ ಕೂರಿಸಿ, ಹೊರಗಿನಿಂದ ಕಣ ಗುಡಿಸುವ ಬ್ಲೋವರಿನ ಮೂತಿ ಇಡುವುದು. ಇನ್ನೊಬ್ಬರು ಹೊರಗೆ ಸಂದುಗಳಿಗೆ ಸೋಪು ನೀರು ಸಿಂಪಡಿಸುತ್ತಾ ಹೋಗಬೇಕು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ತೂತು.

ಇದನ್ನು ಮೊದಲು ಮನೆಯಲ್ಲಿ ಹಳೇ ಗಾಡಿಯ ಮೇಲೆ ಮಾಡಿದಾಗ ಬ್ಲೋವರ್ ಫುಲ್ ಕೊಟ್ಟುಬಿಟ್ಟೆ. ಚಾವಣಿಯ ಕಿಂಡಿಯ ಮುಚ್ಚಳ ಡಬ್ ಅಂತ ಎದ್ದು ಸಿಲ್ವರ್ ಓಕಿನ ಮೆಣಸಿನ ಬಳ್ಳಿಗೆ ಸಿಕ್ಕಿಕೊಂಡಿತು. ದೊಡ್ಡಪ್ಪನ ಮಗ ಊರಿಗೆಲ್ಲ ಸಾರಿದ, "ನಮ್ಮವನು ಕ್ಯಾರವಾನ್ ಹಾರಿಸ್ತಾನೆ" ಅಂತ. ಕಾಲು ಭಾಗ ಥ್ರಾಟಲ್ ಸಾಕು. ಬಾಗಿಲಿನ ಹಲಗೆ ಕೈಗೆ ಸ್ವಲ್ಪ ಒತ್ತಿದ ಹಾಗಾದರೆ ಮುಗಿಯಿತು. ಬರೀ ಸೋಪು ನೀರಿನ ಗುಳ್ಳೆ ನೋಡುವಷ್ಟರಲ್ಲಿ ಒಡೆಯುತ್ತದೆ. ಅದಕ್ಕೆ ನಾನು ಅಡುಗೆಮನೆಯದ್ದೇ ಇನ್ನೊಂದು ವಸ್ತು ಸೇರಿಸುತ್ತೇನೆ. ಏನು ಅಂತ ಕೇಳಬೇಡಿ.

ಮಳೆಯಲ್ಲಿ ಗುಳ್ಳೆ ಕಾಣುವುದಿಲ್ಲ, ಗಾಡಿಯನ್ನು ಅವರ ಶೆಡ್ಡಿಗೆ ಎಳೆಸಿದೆ. ಅದೂ ಒಳ್ಳೆಯದೇ ಆಯಿತು. ಎಳೆಯುವಾಗ ಎಡ ಚಕ್ರ ಗರಗರ ಅಂತು. ಜಾಕ್ ಕೊಟ್ಟು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಸಡಿಲ. ಟೈರಿನ ಹಲ್ಲು ಹೊಸದರ ಥರ ಇತ್ತು, ಆದರೆ ಪಕ್ಕದಲ್ಲಿ 1417 ಅಂತ ಇತ್ತು, ಅಂದರೆ 2017ರ 14ನೇ ವಾರ. ನಿಂತಲ್ಲೇ ನಿಂತು ಬದಿ ಬಿರುಕು ಬಿಟ್ಟಿತ್ತು. ಇವೆರಡೂ ದುಡ್ಡು ಕೊಟ್ಟರೆ ಸರಿ ಹೋಗುವಂಥವು, ನನಗೆ ಚಿಂತೆ ಇಲ್ಲ.

ಗುಳ್ಳೆ ಎದ್ದದ್ದು ಮೂರು ಕಡೆ. ಕಿಟಕಿಯ ಎಡ ಮೂಲೆ, ಚಾವಣಿ ಕಿಂಡಿಯ ಹಿಂದಿನ ಅಂಚು, ಮತ್ತೆ ಹಿಂದೆ ನಂಬರ್ ಪ್ಲೇಟ್ ಲೈಟಿನ ವೈರ್ ಒಳಗೆ ಹೋಗುವ ತೂತು. ಮೂರನೆಯದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನೊರೆ ಬುಸ್ ಅಂತ ಹೂಕೋಸಿನ ಥರ ಎದ್ದಾಗ ಮ್ಯಾನೇಜರ್ ಕೊಡೆ ಮಡಚಿ ಹತ್ತಿರ ಬಂದು ನೋಡಿದರು. ಅವರು 5 ಲಕ್ಷದ 75 ಸಾವಿರ ಹೇಳಿದ್ದರು. ನೊರೆಯ ಫೋಟೊ ಮಾಲೀಕರಿಗೆ ಹೋಯಿತು. ಸಂಜೆಗೆ 3 ಲಕ್ಷದ 90ಕ್ಕೆ ಕುದುರಿತು. ಬೇಸಿಗೆಯಾಗಿದ್ದರೆ ಐದಕ್ಕೆ ಕೆಳಗೆ ಬರುತ್ತಿರಲಿಲ್ಲ, ಅದೂ ಒಂದು ಲಾಭ.

ಗ್ಯಾಸ್ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಈ ಗಾಡಿಯಲ್ಲಿ ಇಲಿ ಬರುತ್ತದೆ ಅಂತ ಅದಕ್ಕೆ ಎಂ-ಸೀಲ್ ಮೆತ್ತಿದ್ದರು! ಮೊದಲು ಅದನ್ನು ಕುಟ್ಟಿ ತೆಗೆದು ಜಾಲರಿ ಹೊಡೆದೆ.

ಮನೆಗೆ ತಂದ ಮೇಲೆ ಮೂತಿಯ ಭಾರ, ಅಂದರೆ ಎಳೆಯುವ ಗಾಡಿಯ ಕೊಂಡಿ ಮೇಲೆ ಕೂರುವ ಭಾರ, ನೋಡಿದೆ. ಕೊಳ್ಳುವ ಮೊದಲೇ ನೋಡಬೇಕಿತ್ತು, ತಕ್ಕಡಿ ಹೊತ್ತುಕೊಂಡು ಹೋಗಿರಲಿಲ್ಲ. ವೇಬ್ರಿಡ್ಜಲ್ಲಿ ಒಟ್ಟು 760 ಕೆಜಿ ಚಿಲ್ಲರೆ ಬಂತು. ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಟ್ರೇಲರಿನ ಮೂತಿ ಇಟ್ಟರೆ ಬರೀ 38. ಬಹಳ ಹಗುರ, ನನಗೆ 60ರ ಮೇಲೆ ಬೇಕು. ಹಿಂದಿನವರು ನೀರಿನ ಟ್ಯಾಂಕು, ಬ್ಯಾಟರಿ ಎರಡನ್ನೂ ಹಿಂಬದಿಗೆ ಕೂರಿಸಿದ್ದರು. ಮೂತಿ ಹಗುರಾದರೆ ಏನಾಗುತ್ತದೆ ನೋಡೇ ಬಿಡೋಣ ಅಂತ ಹಿಂದೆ ಇನ್ನೂ ಎರಡು ಕಾಫಿ ಮೂಟೆ ಹಾಕಿ ಬೇಲೂರು ರಸ್ತೆಯ ಖಾಲಿ ಜಾಗದಲ್ಲಿ ಎಳೆದೆ. 50 ಕಿಮೀ ಸ್ಪೀಡಿಗೇ ಬಾಲ ಅಲ್ಲಾಡಿಸಲು ಶುರು ಮಾಡಿತು, ಬೊಲೆರೊವನ್ನೂ ಜೊತೆಗೆ ಎಳೆದಾಡಿತು. ಅದೇ ಮೂಟೆ ಚಕ್ರದ ಮೇಲಕ್ಕೆ ತಂದರೆ ಹಸುವಿನ ಥರ ಬಂತು. ನೀವು ಇದನ್ನು ಮಾಡಬೇಡಿ. ಬ್ಯಾಟರಿ ಮುಂದಕ್ಕೆ ಬಂತು, ಈಗ 64 ಇದೆ.

ಕೊಳೆತ ಒಂದು ಗೇಣು ಪ್ಲೈವುಡ್, ಸಂದು ಮುಚ್ಚುವ ಬ್ಯುಟೈಲ್ ಟೇಪು, ಮೂರು ಟೈರು, ಬೇರಿಂಗು, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ 50-55 ಸಾವಿರ ಆಗಿರಬೇಕು. ಟ್ರಾನ್ಸ್‌ಫರ್ ಓಡಾಟ ಬೇರೆ. ನಾಲ್ಕೂವರೆ ಲಕ್ಷದಲ್ಲಿ ಮುಗಿಯಿತು ಅಂದುಕೊಳ್ಳಿ. ಅತಿಥಿಗಳಿಗೆ ರಾತ್ರಿಗೆ 2,200ರಂತೆ ಬಾಡಿಗೆಗೆ ಕೊಟ್ಟೆ. ಮೊದಲ ವರ್ಷ ಒಂದೂವರೆ ಲಕ್ಷದ ಮೇಲೆ ಬಂತು. ಮಳೆಗಾಲದಲ್ಲಿ ಬರುವವರೇ ಜಾಸ್ತಿ, ಚಾವಣಿ ಮೇಲೆ ಮಳೆ ಸದ್ದು ಕೇಳಿಕೊಂಡು ಮಲಗಬೇಕಂತೆ.

ಹೋದ ವಾರ ದೊಡ್ಡಪ್ಪನ ಮಗ ಬಂದಿದ್ದ. ಅವನಿಗೂ ಹಾಸನದ ಹತ್ತಿರ ಒಂದು ಗಾಡಿ ಕಣ್ಣಿಗೆ ಬಿದ್ದಿದೆಯಂತೆ. ಹಾರಿಸುವ ಮಾತು ಎತ್ತಲಿಲ್ಲ, ಕಾಫಿ ಕುಡಿದು ಬ್ಲೋವರ್ ಕೇಳಿದ. ಕೊಟ್ಟೆ. ಮೀಟರನ್ನೂ ಕೊಟ್ಟೆ. ಸೋಪು ನೀರಿಗೆ ಏನು ಹಾಕಬೇಕು ಅಂತ ಮಾತ್ರ ಇನ್ನೂ ಹೇಳಿಲ್ಲ. ದಿನಾ ಫೋನ್ ಮಾಡುತ್ತಿದ್ದಾನೆ.