ಬಿಡದ ಬಾಲ್ ಜಾಯಿಂಟನ್ನು ಬಿಡಿಸುವ ಕ್ರಮ

ಉಳ್ಳಾಲದಿಂದ ಮಲ್ಪೆಯವರೆಗೆ ಕಡಲ ಬದಿಯಲ್ಲಿ ಓಡಾಡುವ ಕಾರುಗಳ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಅಥವಾ ಟೈ ರಾಡ್ (ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಬಿಚ್ಚುವಾಗ, ನಟ್ ತೆಗೆದ ಮೇಲೂ ಅವುಗಳ ತುದಿಯ ಗುಂಡು ಕೀಲಾದ ಬಾಲ್ ಜಾಯಿಂಟ್ ಅಲುಗಾಡದೆ ನಿಲ್ಲುವುದು ಸಾಮಾನ್ಯ. ಉಪ್ಪುಗಾಳಿ, ಬಿಡದ ಮಳೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸುತ್ತ ಹೋಗುವ ಉಪ್ಪುನೀರು, ಇವೆಲ್ಲ ಸೇರಿ ಇಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಆದರೆ ತುಕ್ಕಿಲ್ಲದ ಜಾಯಿಂಟ್ ಕೂಡ ಸುಲಭವಾಗಿ ಬಿಡುವುದಿಲ್ಲ. ಅದರ ಸ್ಟಡ್ (ನಟ್ ಕೂರುವ ಥ್ರೆಡ್ ಇರುವ ಕಡ್ಡಿ) ತುದಿಯ ಕಡೆಗೆ ಸಪೂರವಾಗುತ್ತ ಹೋಗುವ ಟೇಪರ್ ಆಕಾರದ್ದು. ಅದು ಕೂರುವ, ಚಕ್ರವನ್ನು ಹೊರುವ ಲೋಹದ ಭಾಗವಾದ ನಕಲ್‌ನ ತೂತೂ ಅದೇ ಇಳಿಜಾರಿನದು. ನಟ್ ಬಿಗಿದಾಗ ಸ್ಟಡ್ ಬೆಣೆಯಂತೆ ಒಳಗೆ ಕಚ್ಚಿಕೊಂಡು, ನಟ್ ತೆಗೆದ ಮೇಲೂ ಘರ್ಷಣೆಯ ಬಲದಿಂದಲೇ ನಿಲ್ಲುತ್ತದೆ.

ಕೆಲಸಕ್ಕೆ ಮುನ್ನ ಕಾರನ್ನು ಸರಿಯಾಗಿ ನಿಲ್ಲಿಸಬೇಕು. ಮಳೆಗಾಲದಲ್ಲಿ ಅಂಗಳದ ಮಣ್ಣು ಮೆದುವಾಗಿರುವುದರಿಂದ ಜಾಕಿಯ ಅಡಿಗೆ ದಪ್ಪ ಹಲಗೆ ಇಟ್ಟು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಮನೆಯಲ್ಲಿ ಉಳಿದ ಕೆಂಪುಕಲ್ಲನ್ನು ಸ್ಟ್ಯಾಂಡಿನ ಬದಲಿಗೆ ಇಡುವ ರೂಢಿ ನಮ್ಮಲ್ಲಿದೆ; ಆ ಕಲ್ಲು ಮುನ್ಸೂಚನೆಯಿಲ್ಲದೆ ಬಿರಿಯುವುದರಿಂದ ಅದನ್ನು ಎಂದಿಗೂ ನಂಬಬಾರದು. ಕಾಯಿಲ್ ಸ್ಪ್ರಿಂಗ್ ಲೋವರ್ ಆರ್ಮಿನ ಮೇಲೆಯೇ ಕುಳಿತಿರುವ ವಾಹನವಾದರೆ, ಜಾಯಿಂಟ್ ಬಿಟ್ಟ ಕ್ಷಣ ಆರ್ಮ್ ರಭಸದಿಂದ ಕೆಳಗೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ಅದರ ಅಡಿಗೆ ಇನ್ನೊಂದು ಜಾಕಿ ಕೊಟ್ಟಿರಲೇಬೇಕು.

ಹಲವು ಸಣ್ಣ ಕಾರುಗಳಲ್ಲಿ ಲೋವರ್ ಆರ್ಮಿನ ಜಾಯಿಂಟಿಗೆ ಟೇಪರ್ ಇರುವುದಿಲ್ಲ. ಸೀಳಿರುವ ನಕಲ್ ಅನ್ನು ಅಡ್ಡ ಬೋಲ್ಟೊಂದು ಬಿಗಿದು ಹಿಡಿದಿರುತ್ತದೆ. ಆ ಬೋಲ್ಟ್ ಸ್ಟಡ್ಡಿನ ಕಚ್ಚಿನೊಳಗೆ ಹಾದುಹೋಗುವುದರಿಂದ ಅದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಬಳಿಕ ಸೀಳಿಗೆ ಉಳಿಯನ್ನು ತುಸುವೇ ಬಡಿದು ಅಗಲಿಸಿ, ಆರ್ಮನ್ನು ಉದ್ದನೆಯ ಸಬ್ಬಲಿನಿಂದ ಕೆಳಕ್ಕೆ ಒತ್ತಿದರೆ ಬರುತ್ತದೆ.

ಟೇಪರ್ ಜಾಯಿಂಟಿಗೆ ಮೊದಲು ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ನಟ್ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ಸಾಧ್ಯವಾದರೆ ರಾತ್ರಿಯಿಡೀ ಬಿಡಬೇಕು. ಸ್ಟಡ್ ನಟ್ಟಿನೊಡನೆ ತಿರುಗತೊಡಗಿದರೆ, ಟೇಪರ್ ಮತ್ತೆ ಕಚ್ಚಿಕೊಳ್ಳುವ ದಿಕ್ಕಿನಲ್ಲಿ ಆರ್ಮನ್ನು ಒತ್ತಿ ಹಿಡಿದು ಬಿಚ್ಚಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿಕೊಂಡರೆ ಜಾಯಿಂಟ್ ಬಿಟ್ಟಾಗ ಆರ್ಮ್ ಮೈಮೇಲೆ ಬರುವುದಿಲ್ಲ.

ಅನಂತರದ ಸರಿಯಾದ ಸಾಧನವೆಂದರೆ ಸ್ಕ್ರೂ ಬಿಗಿದು ಸ್ಟಡ್ಡನ್ನು ಹೊರತಳ್ಳುವ ಬಾಲ್ ಜಾಯಿಂಟ್ ಪುಲ್ಲರ್. ಅದನ್ನು ನೇರವಾಗಿ ಕೂರಿಸಿ ಚೆನ್ನಾಗಿ ಬಿಗಿದ ಮೇಲೂ ಜಾಯಿಂಟ್ ಬಿಡದಿದ್ದರೆ, ಇನ್ನಷ್ಟು ತಿರುಗಿಸುವ ಬದಲು ಆ ಒತ್ತಡವನ್ನು ಹಾಗೆಯೇ ಉಳಿಸಿ, ಸ್ಟಡ್ ಕೂತಿರುವ ನಕಲ್‌ನ ಕಣ್ಣಿನ (ತೂತಿನ ಸುತ್ತಲಿನ ಭಾಗದ) ಬದಿಗೆ ಭಾರದ ಸುತ್ತಿಗೆಯಿಂದ ಚುರುಕಾಗಿ ಹೊಡೆಯಬೇಕು. ಆ ಪೆಟ್ಟಿನಿಂದ ನಕಲ್‌ನ ಕಣ್ಣು ಕ್ಷಣಮಾತ್ರ ಅದುರಿ ಟೇಪರಿನ ಹಿಡಿತ ತಪ್ಪುತ್ತದೆ, ‘ಠಕ್’ ಎಂಬ ಸದ್ದಿನೊಡನೆ ಜಾಯಿಂಟ್ ಬಿಡುತ್ತದೆ. ಎದುರು ಬದಿಗೆ ಇನ್ನೊಂದು ಸುತ್ತಿಗೆ ಆನಿಸಿದರೆ ಪೆಟ್ಟು ವ್ಯರ್ಥವಾಗದು. ಸ್ಟಡ್ಡಿನ ತುದಿಗೆ ಹೊಡೆಯುವವರೇ ಹೆಚ್ಚು. ಅದರಿಂದ ಥ್ರೆಡ್ ಹಾಳಾಗಿ ನಟ್ ಕೂಡ ಹೊರಬರದೆ ಕೆಲಸ ಎರಡಾಗುತ್ತದೆ. ನಕಲ್ ಅಲ್ಯೂಮಿನಿಯಮ್‌ನದಾದರೆ ಸುತ್ತಿಗೆ ಬೇಡ, ಪುಲ್ಲರ್ ಮಾತ್ರ. ನಿಮ್ಮ ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ.

ಕವಲುಳ್ಳ ಫೋರ್ಕನ್ನು ಜಾಯಿಂಟ್ ಮತ್ತು ನಕಲ್ ನಡುವೆ ತೂರಿಸಿ ಬಡಿಯುವ ವಿಧಾನ ವೇಗದ್ದೇ ಹೌದು, ಆದರೆ ಅದು ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟನ್ನು ಹರಿದುಹಾಕುತ್ತದೆ. ಜಾಯಿಂಟನ್ನು ಹೇಗೂ ಎಸೆಯುವುದಾದರೆ ಮಾತ್ರ ಅದಕ್ಕೆ ಕೈಹಾಕಬಹುದು. ಗ್ಯಾಸ್ ಬೆಂಕಿಯಿಂದ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಒಳಗಿನ ಗ್ರೀಸ್, ಪಕ್ಕದ ಬ್ರೇಕ್ ಹೋಸ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ವಯರ್ ಎಲ್ಲವೂ ಆ ಜ್ವಾಲೆಗೆ ತೀರ ಹತ್ತಿರದಲ್ಲಿರುತ್ತವೆ.

ಮರಳಿ ಜೋಡಿಸುವಾಗ ಟೇಪರಿಗೆ ಗ್ರೀಸ್ ಹಚ್ಚಬಾರದು. ಅದು ಶುಚಿಯಾಗಿ, ಒಣಗಿಯೇ ಇರಬೇಕು. ನಟ್ಟನ್ನು ಕಂಪನಿಯ ಕೈಪಿಡಿ ಹೇಳುವ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿದ ಮೇಲೆ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ತಿರುಗಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಸ್ಪ್ಲಿಟ್ ಪಿನ್ನನ್ನು ಎಸೆದು ಹೊಸದನ್ನು ಹಾಕಿ, ಕಾರನ್ನು ವೀಲ್ ಅಲೈನ್‌ಮೆಂಟಿಗೆ ಒಯ್ಯಬೇಕು.