ಯಾವ ಮಾತ್ರೆ, ಯಾರು ಕೊಟ್ಟಿದ್ದು, ಎಲ್ಲಿಯವರೆಗೆ?

ಮಿಲಿಟರಿಯಿಂದ ಬಂದವರಿಗೆ ಮಾತ್ರೆ ನೆನಪಿಟ್ಟು ನುಂಗುವುದು ಕಷ್ಟವೇ ಅಲ್ಲ. ಹೊತ್ತಿಗೆ ಸರಿಯಾಗಿ ನುಂಗುತ್ತೇವೆ, ಕೊಟ್ಟಿದ್ದನ್ನೆಲ್ಲ ನುಂಗುತ್ತೇವೆ. ತೊಂದರೆ ಇರುವುದೇ ಅಲ್ಲಿ. ಸರ್ವಿಸ್‌ನಲ್ಲಿ ಎಂ.ಐ. ರೂಮಿಗೆ, ಅಂದರೆ ಯೂನಿಟ್ಟಿನ ಚಿಕಿತ್ಸಾ ಕೊಠಡಿಗೆ, ಹೋದರೆ ಕೊಟ್ಟ ಗುಳಿಗೆ ತಗೊಂಡು ಬರುವುದಷ್ಟೇ. ‘ಇದು ಯಾಕೆ ಸಾರ್’ ಅಂತ ಯಾರೂ ಕೇಳುತ್ತಿರಲಿಲ್ಲ. ಪೆನ್ಷನ್ ಬಂದ ಮೇಲೂ ನಮ್ಮವರು ಬಹಳಷ್ಟು ಜನ ಕೇಳುವುದಿಲ್ಲ.

ನಾನು ಸೈನ್ಯದ ಎಂಜಿನಿಯರ್ ದಳವಾದ ಎಂಇಜಿಯಲ್ಲಿ ಹವಾಲ್ದಾರ್ ಆಗಿದ್ದವನು. ಊರು ಪಾಂಡವಪುರದ ಕಡೆ. ಶುಗರ್ ಇದೆ, ಬಿಪಿ ಇದೆ, ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ, ಪ್ರಾಸ್ಟೇಟ್ ತೊಂದರೆ ಇದೆ, ಮಂಡಿ ಸವೆದಿದೆ. ಮೈಸೂರಿನಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇ.ಸಿ.ಎಚ್.ಎಸ್.ನ, ಪಾಲಿಕ್ಲಿನಿಕ್‌ನಲ್ಲಿ ರೆಫರ್ ಮಾಡಿಸಿಕೊಂಡು ಆಸ್ಪತ್ರೆಗೆ ಹೋದರೆ ಹಾರ್ಟಿನವರು ಹಾರ್ಟ್ ನೋಡುತ್ತಾರೆ, ಮಂಡಿಯವರು ಮಂಡಿ ನೋಡುತ್ತಾರೆ. ಜ್ವರ, ಮೈಕೈ ನೋವಿಗೆ ಊರಿನ ಕ್ಲಿನಿಕ್ ಬೇರೆ. ದಿನಾ ಐದು ಅಥವಾ ಅದಕ್ಕಿಂತ ಜಾಸ್ತಿ ಔಷಧಿ ತಗೊಳ್ಳುವುದಕ್ಕೆ ಡಾಕ್ಟರುಗಳು ಪಾಲಿಫಾರ್ಮಸಿ ಅನ್ನುತ್ತಾರೆ. ನಾನು ಆ ಗಡಿ ದಾಟಿ ಬಹಳ ದೂರ ಹೋಗಿದ್ದೆ.

ಒಂದು ಭಾನುವಾರ ಕಿಟ್ ಇನ್‌ಸ್ಪೆಕ್ಷನ್‌ಗೆ ಸಾಮಾನು ಹರವುತ್ತಿದ್ದ ಹಾಗೆ ಮನೆಯಲ್ಲಿದ್ದ ಔಷಧಿಯನ್ನೆಲ್ಲ ಚಾಪೆ ಮೇಲೆ ಹರವಿದೆ. ಬೀರು, ಫ್ರಿಜ್ಜು, ದೇವರ ಗೂಡಿನ ಪಕ್ಕ, ಸ್ಕೂಟರ್ ಡಿಕ್ಕಿ, ಎಲ್ಲ ಕಡೆಯಿಂದಲೂ ಬಂತು. ಸ್ಟ್ರಿಪ್‌ಗಳನ್ನು ಕಂಪನಿ ಹೆಸರು ನೋಡಿ ಜೋಡಿಸಲಿಲ್ಲ. ಒಳಗಿನ ಔಷಧಿಯ ಹೆಸರು, ಅಂಗಡಿಯವರು ಕಂಟೆಂಟ್ ಅನ್ನುತ್ತಾರಲ್ಲ, ಅದನ್ನು ನೋಡಿ ಜೋಡಿಸಿದೆ. ಒಂದೇ ಔಷಧಿ ಹತ್ತಾರು ಹೆಸರಲ್ಲಿ ಬರುತ್ತೆ. ಈ ತಿಂಗಳು ಕೊಟ್ಟ ಸ್ಟ್ರಿಪ್ ಒಂದು ಬಣ್ಣ, ಮುಂದಿನ ತಿಂಗಳದ್ದು ಇನ್ನೊಂದು ಬಣ್ಣ. ಬಣ್ಣ ನಂಬಿದರೆ ಕೆಟ್ಟೆವು.

ಹಾಗೆ ಜೋಡಿಸಿದಾಗಲೇ ಗೊತ್ತಾಗಿದ್ದು. ಇಕೋಸ್ಪ್ರಿನ್ ಎವಿ ಅಂತ ಒಂದು ಕ್ಯಾಪ್ಸೂಲ್ ಇತ್ತು. ಅದರಲ್ಲಿ ಆಸ್ಪಿರಿನ್ ಜೊತೆ ಕೊಲೆಸ್ಟರಾಲ್‌ನ ಅಟೋರ್ವಾಸ್ಟಾಟಿನ್ ಕೂಡ ಇರುತ್ತೆ. ಪಕ್ಕದಲ್ಲೇ ಅಟೋರ್ವಾಸ್ಟಾಟಿನ್ ಬೇರೆ ಸ್ಟ್ರಿಪ್. ಒಂದು ಹಾರ್ಟಿನವರು ಬರೆದಿದ್ದು, ಇನ್ನೊಂದು ಶುಗರ್ ನೋಡುವವರು ಬರೆದಿದ್ದು. ಗ್ಯಾಸ್ ಮಾತ್ರೆಯದೂ ಅದೇ ಕಥೆ: ಪ್ಯಾನ್, ಪ್ಯಾಂಟೋಸಿಡ್, ಎರಡರಲ್ಲೂ ಇರುವುದು ಪ್ಯಾಂಟೊಪ್ರಜೋಲ್. ಡಾಕ್ಟರುಗಳನ್ನು ಬಯ್ಯುವ ಹಾಗಿಲ್ಲ. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡೇ ಇಲ್ಲ.

ಆಮೇಲೆ ಉದ್ದನೆ ನೋಟ್‌ಬುಕ್ ತಗೊಂಡು ಗೆರೆ ಎಳೆದೆ. ಯಾವ ಔಷಧಿ, ಎಷ್ಟು ಎಂಜಿ, ಯಾತಕ್ಕೆ, ಯಾರು ಬರೆದಿದ್ದು, ಎಲ್ಲಿಯವರೆಗೆ. ಕೊನೇ ಸಾಲು ತುಂಬಿಸಲು ಹೋದರೆ ಬಹುಪಾಲು ಖಾಲಿ. ಎಲ್ಲಿಯವರೆಗೆ ಅಂತ ನನಗೆ ಗೊತ್ತಿಲ್ಲ, ಚೀಟಿಯಲ್ಲೂ ಇಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್ ಜೊತೆ ಕೊಡುವ ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ ಆರು ತಿಂಗಳೋ ಒಂದು ವರ್ಷವೋ, ಆಮೇಲೆ ಮುಂದುವರಿಸಬೇಕಾ ಅಂತ ಹಾರ್ಟಿನ ಡಾಕ್ಟರೇ ಹೇಳಬೇಕು. ಎರಡೂ ಸೇರಿ ಹೊಟ್ಟೆಯಲ್ಲಿ ರಕ್ತ ಒಸರಬಾರದು ಅಂತ ಗ್ಯಾಸ್ ಮಾತ್ರೆ. ಕ್ಲೊಪಿಡೊಗ್ರೆಲ್ ನಿಂತರೆ ಗ್ಯಾಸ್ ಮಾತ್ರೆ ಇನ್ನೂ ಬೇಕಾ ಅಂತ ಕೇಳಬೇಕಲ್ವಾ?

ನೋಟ್‌ಬುಕ್ಕು, ಸ್ಟ್ರಿಪ್ ತುಂಬಿದ ಚೀಲ ಎರಡನ್ನೂ ಹಿಡಿದು ಒಬ್ಬರೇ ಫಿಸಿಷಿಯನ್ ಹತ್ತಿರ ಹೋದೆ. ‘ಮೇಡಂ, ಹೊಸದು ಬರೆಯೋದು ಬೇಡ, ಇದನ್ನು ಒಂದ್ಸಲ ನೋಡಿ’ ಅಂದೆ. ಅವರು ನಕ್ಕು, ‘ಕೂತ್ಕೊಳ್ಳಿ ಸಾರ್’ ಅಂತ ಒಂದೊಂದೇ ನೋಡಿದರು. ನಡುವೆ ಕಾಲು ಒತ್ತಿ ನೋಡಿದರು. ಕಣಕಾಲಿನ ಹತ್ತಿರ ಬೆರಳು ಊರಿದ ಕಡೆ ಗುಳಿ ಹಾಗೇ ನಿಂತಿತು. ಬಿಪಿಗೆ ಅಮ್ಲೋಡಿಪಿನ್ ಶುರುವಾದ ಮೇಲೆ ಬಂದ ಊತ ಅದು. ಆ ಊತಕ್ಕೆ ಅಂತ ಇನ್ನೆಲ್ಲೋ ನೀರು ಇಳಿಸುವ ಮಾತ್ರೆ ಬರೆದಿದ್ದರು. ಅದರಿಂದ ರಾತ್ರಿಯೆಲ್ಲ ಎದ್ದು ಎದ್ದು ಹೋಗುವುದು. ಪ್ರಾಸ್ಟೇಟ್‌ನ ಟ್ಯಾಮ್ಸುಲೋಸಿನ್ ಬೇರೆ, ಅದು ದಿಢೀರ್ ಅಂತ ಎದ್ದರೆ ತಲೆ ಸುತ್ತಿಸುತ್ತೆ. ಒಂದು ಮಾತ್ರೆಯ ಕಾಟಕ್ಕೆ ಇನ್ನೊಂದು, ಅದರ ಕಾಟಕ್ಕೆ ಮತ್ತೊಂದು. ಕತ್ತಲಲ್ಲಿ ಬಚ್ಚಲ ಮನೆ ಹೊಸ್ತಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ನಮ್ಮ ವಯಸ್ಸಿನವರನ್ನು ಎಷ್ಟು ಜನರನ್ನು ನೋಡಿಲ್ಲ!

ಮೇಡಂ ಬಿಪಿ ಮಾತ್ರೆ ಬದಲಿಸಿದರು, ಊತ ಇಳಿಯಿತು, ನೀರಿನ ಮಾತ್ರೆ ಅವರೇ ನಿಲ್ಲಿಸಿದರು. ಅಟೋರ್ವಾಸ್ಟಾಟಿನ್ ಒಂದೇ ಆಯಿತು. ಪಾದ ಜೋಮು ಹಿಡಿಯುತ್ತೆ ಅಂದಿದ್ದಕ್ಕೆ ವಿಟಮಿನ್ ಬಿ12 ಟೆಸ್ಟ್ ಬರೆದರು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದಂತೆ, ನಾವು ಅದನ್ನು ಶುಗರ್‌ನದ್ದೇ ಜೋಮು ಅಂದುಕೊಂಡು ಸುಮ್ನೆ ಇರುತ್ತೇವೆ.

ಇಲ್ಲಿ ಒಂದು ಮಾತು. ಪಟ್ಟಿ ನೋಡಿ ನೀವೇ ಯಾವುದನ್ನೂ ನಿಲ್ಲಿಸಬೇಡಿ. ನಮ್ಮ ಸುಬೇದಾರ್ ಸಾಹೇಬರೊಬ್ಬರು ವರ್ಷಗಳಿಂದ ನಿದ್ದೆಗೆ ಕ್ಲೊನಜೆಪಾಮ್ ತಗೊಳ್ಳುತ್ತಾರೆ. ನನ್ನ ಪಟ್ಟಿ ನೋಡಿ ‘ನಾಳೆಯಿಂದಲೇ ಬಿಟ್ಟೆ’ ಅಂದರು. ಕೈ ಹಿಡಿದು ನಿಲ್ಲಿಸಿದೆ. ಅದನ್ನು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಕೂಡ ಬರಬಹುದು. ಮೆಟೊಪ್ರೊಲಾಲ್ ಥರದ ಹಾರ್ಟಿನ ಮಾತ್ರೆ, ಸ್ಟೀರಾಯ್ಡ್ ಕೂಡ ಒಮ್ಮೆಲೇ ಬಿಡುವ ಹಾಗಿಲ್ಲ. ಈಗ ಅವರ ಡಾಕ್ಟರು ನಿಧಾನವಾಗಿ ಇಳಿಸುತ್ತಿದ್ದಾರೆ, ಸಾಹೇಬರಿಗೆ ಮಾತ್ರ ತಾಳ್ಮೆ ಇಲ್ಲ.

ಮನೆಯಲ್ಲಿ ಮಾಡಿದ್ದು ಜಾಸ್ತಿ ಏನಿಲ್ಲ. ವಾರದ ಡಬ್ಬಿ ತಂದು ಭಾನುವಾರ ತುಂಬುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯದು, ತಿಂಡಿಯದು, ರಾತ್ರಿಯದು. ಮೆಡಿಕಲ್ ಶಾಪಿನಲ್ಲಿ ಬಿಡಿ ಮಾತ್ರೆ ಕತ್ತರಿಸಿಕೊಟ್ಟರೆ ಹೆಸರು, ಎಕ್ಸ್‌ಪೈರಿ ಇರುವ ಕಡೆಯ ತುಂಡು ಕೇಳಿ ತಗೊಳ್ಳುತ್ತೇನೆ. ಮನೆಯವಳಿಗೆ ಇಂಗ್ಲಿಷ್ ಬರುವುದಿಲ್ಲ. ಅವಳಿಗೆ ಅಂತ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಬೀರು ಬಾಗಿಲಿಗೆ ಅಂಟಿಸಿದ್ದೇನೆ. ನನ್ನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಹಾಕಿದರೆ ಅದನ್ನು ಕಿತ್ತುಕೊಂಡು ಬಂದರೆ ಸಾಕು. ‘ರೀ, ಶನಿವಾರ ಒಪ್ಪತ್ತು, ಗ್ಲಿಮೆಪಿರೈಡ್ ಏನು ಮಾಡ್ತೀರಿ?’ ಅಂತ ಈಗ ಅವಳೇ ಕೇಳುತ್ತಾಳೆ. ಊಟ ಬಿಟ್ಟು ಆ ಮಾತ್ರೆ ನುಂಗಿದರೆ ಶುಗರ್ ಪಾತಾಳಕ್ಕೆ ಇಳಿಯುತ್ತೆ, ಬೆವರು, ನಡುಕ. ಡಾಕ್ಟರನ್ನು ಕೇಳಿ ನಾನು ಒಪ್ಪತ್ತನ್ನೇ ಬಿಟ್ಟೆ. ಶನಿದೇವರಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. ಭಾವಮೈದ ತಂದುಕೊಟ್ಟ ಮಧುನಾಶಿನಿ ಪುಡಿಯನ್ನೂ ಪಟ್ಟಿಗೆ ಸೇರಿಸಿ ತೋರಿಸಿದೆ. ಶುಗರ್ ಮಾತ್ರೆ ಜೊತೆಗೆ ಅದೂ ಇಳಿಸುತ್ತೆ, ಬೇಡ ಅಂದರು.

ಮಂಡಿ ಮಾತ್ರ ಬಗೆಹರಿದಿಲ್ಲ. ಬಿಪಿಯ ಟೆಲ್ಮಿಸಾರ್ಟನ್ ಜೊತೆ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ಹೊಡೆತ, ನೀರಿನ ಮಾತ್ರೆಯೂ ಇದ್ದರೆ ಇನ್ನೂ ಜಾಸ್ತಿ ಅಂತ ನೋವಿನ ಮಾತ್ರೆ ಕೈಬಿಡಿಸಿದ್ದಾರೆ. ಪ್ಯಾರಾಸಿಟಮಾಲ್‌ಗೆ ನನ್ನ ಮಂಡಿ ಅಷ್ಟಾಗಿ ಬಗ್ಗುವುದಿಲ್ಲ. ತೊಡೆಯ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಮಾಡುತ್ತಿದ್ದೇನೆ. ಗದ್ದೆ ಬದು ಇಳಿಯುವಾಗ ಇನ್ನೂ ಮಗನ ಹೆಗಲು ಹಿಡಿಯಬೇಕು.