ನುಡಿಸೋರಿಗೆ ಒಬ್ರದ್ದೊಬ್ರಿಗೆ ಕೇಳಿಸೋ ಹಾಗೆ ಸ್ಟೇಜ್ ಸೆಟ್ ಮಾಡೋದು ಹೇಗೆ

ಹಾಲ್‌ನ ಅಕೌಸ್ಟಿಕ್ಸ್ (ಅಲ್ಲಿ ಸದ್ದು ಹೇಗೆ ಕೇಳಿಸುತ್ತೆ ಅನ್ನೋದು) ಅಂದ ತಕ್ಷಣ ಎಲ್ರೂ ಪ್ರೇಕ್ಷಕರ ಬಗ್ಗೆನೇ ಯೋಚನೆ ಮಾಡ್ತಾರೆ, ಆದ್ರೆ ನುಡಿಸೋರಿಗೆ ಪಕ್ಕದವರದ್ದು ಕೇಳಿಸ್ಲಿಲ್ಲ ಅಂದ್ರೆ ಲಯ ಜಾರುತ್ತೆ, ಶ್ರುತಿ ಸೇರಲ್ಲ, ಒಬ್ಬೊಬ್ರೂ ಇನ್ನಷ್ಟು ಜೋರು ಮಾಡ್ತಾ ಹೋಗ್ತಾರೆ. ಮೈಕ್ ಇಲ್ಲದ ಆರ್ಕೆಸ್ಟ್ರಾಗಂತೂ ಇದೇ ಮೊದಲ ಕೆಲಸ.

ಖಾಲಿ ಸ್ಟೇಜ್ ಮಧ್ಯ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಟರ್ರ್ ಅಂತ ಸದ್ದು ಅದುರಿದ್ರೆ ಎರಡೂ ಪಕ್ಕದ ಗೋಡೆಗಳು ಎದುರುಬದುರು ನೇರವಾಗಿ ನಿಂತು ಅದನ್ನ ಚೆಂಡಿನ ಥರ ಎಸೆದಾಡ್ತಿವೆ ಅಂತ ಅರ್ಥ, ಸೈಡ್ ಪ್ಯಾನೆಲ್‌ಗಳನ್ನ ಪ್ರೇಕ್ಷಕರ ಕಡೆ ಬಾಯಿ ಅಗಲ ಆಗೋ ಹಾಗೆ ಓರೆ ಮಾಡಿ. ಏನೂ ವಾಪಸ್ ಬರ್ಲಿಲ್ವಾ? ಹಿಂದಿನ ದಪ್ಪ ವೆಲ್ವೆಟ್ ಪರದೆ ಸದ್ದು ನುಂಗ್ತಿರುತ್ತೆ, ಮೊದ್ಲು ಅದನ್ನ ಸರಿಸಿ. ಅದರ ಜಾಗಕ್ಕೆ ತೆಳು ಪ್ಲೈವುಡ್ ಮಾತ್ರ ತರಬೇಡಿ, ಅದೂ ಅದುರಿ ತಗ್ಗಿನ ಸ್ವರಗಳನ್ನ ತಿಂದ್ಬಿಡುತ್ತೆ, ಭಾರ ಇರೋ ಹಲಗೆನೇ ಬೇಕು.

ನಿಜವಾದ ಸಮಸ್ಯೆ ಇರೋದು ತಲೆ ಮೇಲೆ, ಚಾವಣಿಲಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ನುಡಿಸೋರಿಗೆ ಆಸರೆ ಆಗೋದು ಹೆಚ್ಚುಕಮ್ಮಿ 20ರಿಂದ 100 ಮಿಲಿಸೆಕೆಂಡ್ ಒಳಗೆ ವಾಪಸ್ ಬರೋ ಸದ್ದು. ಸಿಡ್ನಿ ಒಪೆರಾ ಹೌಸ್‌ನ ಕಾನ್ಸರ್ಟ್ ಹಾಲ್‌ನಲ್ಲಿ ಚಾವಣಿ ಸ್ಟೇಜಿಂದ 25 ಮೀಟರ್ ಮೇಲೆ, ಹೋಗಿ ಬರೋಕೇ ಸುಮಾರು 145 ಮಿಲಿಸೆಕೆಂಡ್ ಬೇಕು, ಅಷ್ಟೊತ್ತಿಗೆ ಮುಂದಿನ ಸ್ವರ ಶುರುವಾಗಿರುತ್ತೆ! ಅಲ್ಲಿನ ವಾದಕರು ವರ್ಷಗಟ್ಟಲೆ ಕಷ್ಟಪಟ್ರು, 2022ರಲ್ಲಿ ರಿಪೇರಿ ಮುಗಿದಾಗ ಸ್ಟೇಜ್ ಮೇಲೆ ಸದ್ದನ್ನ ವಾಪಸ್ ಕಳಿಸೋ, ಹೂವಿನ ಎಸಳಿನಂಥ 18 ರಿಫ್ಲೆಕ್ಟರ್ ತೂಗುಹಾಕಿದ್ರು. ನಿಮ್ಮಲ್ಲೂ ಮೇಲಿಂದ ಇಳಿಸೋ ಪ್ಯಾನೆಲ್ ಇದ್ರೆ ಸ್ಟೇಜಿಂದ 8 ಮೀಟರ್ ಎತ್ತರದ ಹತ್ರ ತಂದು ನೋಡಿ, 50 ಮಿಲಿಸೆಕೆಂಡ್ ಒಳಗೇ ಸದ್ದು ಕಿವಿಗೆ ಬಂದ್ಬಿಡುತ್ತೆ. ತೀರಾ ಕೆಳಗೆ ಇಳಿಸಬೇಡಿ, ಬ್ರಾಸ್ (ಟ್ರಂಪೆಟ್‌ನಂಥ ಲೋಹದ ಊದೋ ವಾದ್ಯಗಳ) ಅಬ್ಬರಕ್ಕೆ ಬೇರೆ ಏನೂ ಕೇಳಿಸಲ್ಲ.

ಸ್ಟೇಜ್ ಅಗಲ ಇದೆ ಅಂತ ಕುರ್ಚಿಗಳನ್ನ ಹರಡಬೇಡಿ. 15 ಮೀಟರ್ ಆಚೆ ಇರೋ ಡಬಲ್ ಬೇಸ್ (ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ) ವಾದಕರ ಸದ್ದು ವಯಲಿನ್ ಕಡೆ ಮುಟ್ಟೋಕೆ 44 ಮಿಲಿಸೆಕೆಂಡ್, ಅಷ್ಟು ತಡ ಆದ್ರೆ ಒಟ್ಟಿಗೆ ಹಿಡಿಯೋದು ನಿಜವಾಗ್ಲೂ ಕಷ್ಟ. ಅರ್ಧಚಂದ್ರದ ಥರ ಒತ್ತಾಗಿ ಕೂರಿಸಿ, ಹಿಂದಿನ ಸಾಲುಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ರೈಸರ್ (ಎತ್ತರಿಸೋ ಹಲಗೆ ಕಟ್ಟೆ) ಕೊಡಿ, ಮುಂದಿನವರ ಮೈ ಅಡ್ಡ ಬರಲ್ಲ. ಟಿಂಪನಿನ (ನಗಾರಿಯಂಥ ದೊಡ್ಡ ಡ್ರಮ್) ಗಟ್ಟಿ ಗೋಡೆಗೆ ಅಂಟಿಸಬೇಡಿ, ಮುಂದೆ ಕೂತ ವುಡ್‌ವಿಂಡ್‌ನವರ (ಕೊಳಲು, ಕ್ಲಾರಿನೆಟ್‌ನಂಥ ವಾದ್ಯ ಊದೋರ) ಕಿವಿ ಪಾಪ ಹೋಗುತ್ತೆ.

ರಿಹರ್ಸಲ್‌ನಲ್ಲಿ ಮೆಲ್ಲಗಿನ ಭಾಗ ಬಂದಾಗ ಸ್ಟೇಜ್ ಮೇಲೇ ವಾದಕರ ಕೊನೆ ಸಾಲಿನ ಖಾಲಿ ಕುರ್ಚಿಲಿ ನೀವೇ ಕೂತ್ಕೊಂಡು ಮೊದಲನೇ ವಯಲಿನ್ ಕೇಳಿಸುತ್ತಾ ನೋಡಿ. ಕೇಳಿಸ್ಲಿಲ್ಲ ಅಂದ್ರೆ ಪ್ಯಾನೆಲ್ ಒಂದೊಂದೇ ಅಡಿ ಇಳಿಸ್ತಾ ಮತ್ತೆ ಅದೇ ಭಾಗ ನುಡಿಸಿಸಿ.